ಅಂಕಗಳಿಗೆ ನಿಲುಕದ ಪ್ರತಿಭೆ

ಒಂದು ವಿಷಯದಲ್ಲಿ ಪೂರ್ಣ ಅಂಕಗಳನ್ನು ಗಳಿಸಿ, ಉಳಿದ ವಿಷಯಗಳಲ್ಲಿ ತೀರ ಹಿಂದೆ ಬಿದ್ದ ವಿದ್ಯಾರ್ಥಿಯನ್ನು ಜಾಣನೆನ್ನಬೇಕೇ, ದಡ್ಡನೆನ್ನಬೇಕೇ? ಅಂಥವನಿಗೆ ಕಾಲೇಜಿನ ಬಾಗಿಲನ್ನು ತೆರೆಯಬೇಕೇ, ಮುಚ್ಚಬೇಕೇ? ಇದು ಹೊಸ ಪ್ರಶ್ನೆಯೇನೂ ಅಲ್ಲ. ನೂರು ವರ್ಷಗಳಿಗೂ ಹಿಂದೆ, ಕಾವೇರಿ ತೀರದ ಕುಂಭಕೋಣದಲ್ಲಿ, ಒಬ್ಬ ಬಡ ಹುಡುಗನ ಬಾಳಿನಲ್ಲಿ ಈ ಪ್ರಶ್ನೆ ಬಹು ಕಠಿಣವಾಗಿ ಎದುರಾಯಿತು. ಅದಕ್ಕೆ ಸರಿಯಾದ ಉತ್ತರ ದೊರೆಯಲು ಸುಮಾರು ಒಂಬತ್ತು ವರ್ಷಗಳು ಹಿಡಿದವು. ಆ ಹುಡುಗನೇ ಮುಂದೆ ವಿಶ್ವವಿಖ್ಯಾತ ಗಣಿತಜ್ಞರಾದ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ಯರು ಕುಂಭಕೋಣದ ಒಂದು ಬಟ್ಟೆಯ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಸಂಬಳ ತಿಂಗಳಿಗೆ ಸುಮಾರು 20 ರೂಪಾಯಿ. ತಾಯಿ ಕೋಮಲತ್ತಮ್ಮಾಳ್ ದೇವಾಲಯದಲ್ಲಿ ಭಜನೆ ಹಾಡಿ ಅಷ್ಟಿಷ್ಟು ಸಂಪಾದಿಸುತ್ತಿದ್ದರು. ಸಂಸಾರದ ಖರ್ಚು ತೂಗಿಸುವುದಕ್ಕಾಗಿ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಊಟ ವಸತಿ ಕೊಡುವುದೂ ಉಂಟಾಗಿತ್ತು. ಆ ವಿದ್ಯಾರ್ಥಿಗಳಿಂದ ಬಾಲಕ ರಾಮಾನುಜನ್ ಗಣಿತದ ಪುಸ್ತಕಗಳನ್ನು ಪಡೆದು ಓದಿದನು. ಸ್ವಲ್ಪ ಕಾಲದಲ್ಲಿಯೇ ಅವರಿಗೆ ತಿಳಿದಿದ್ದುದೆಲ್ಲವೂ ಇವನಿಗೆ ತಿಳಿದುಹೋಯಿತು.

ಶಾಲೆಯಲ್ಲಿ ಅವನು ದಡ್ಡನೆನಿಸಿಕೊಂಡವನಲ್ಲ. 1897ರಲ್ಲಿ ನಡೆದ ಪ್ರಾಥಮಿಕ ಪರೀಕ್ಷೆಯಲ್ಲಿ ಇಡೀ ತಂಜಾವೂರು ಜಿಲ್ಲೆಗೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮರುವರ್ಷ ಕುಂಭಕೋಣದ ಟೌನ್ ಹೈಸ್ಕೂಲನ್ನು ಸೇರಿದನು. 1904ರಲ್ಲಿ ಅಲ್ಲಿನ ವ್ಯಾಸಂಗ ಮುಗಿದಾಗ ಗಣಿತಕ್ಕೆ ಮೀಸಲಾದ ಬಹುಮಾನ ಅವನಿಗೇ ದೊರೆಯಿತು. ಬಹುಮಾನ ನೀಡುವ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಸಾಧ್ಯವಿದ್ದಿದ್ದರೆ ಈ ಹುಡುಗನಿಗೆ ನೂರಕ್ಕಿಂತಲೂ ಹೆಚ್ಚು ಅಂಕಗಳು ಸಲ್ಲಬೇಕಾಗಿತ್ತೆಂದು ಹೊಗಳಿದರು.

ಆದರೆ ಅದಕ್ಕೆ ಮೊದಲೇ, 1903ರಲ್ಲಿ, ಅವನ ಬಾಳಿನ ದಿಕ್ಕನ್ನು ಬದಲಿಸಿದ ಒಂದು ಪುಸ್ತಕ ಕೈಸೇರಿತ್ತು. ಅದು ಕಾರ್ ಎಂಬ ಆಂಗ್ಲ ಶಿಕ್ಷಕರು ಬರೆದ ಗಣಿತಸಾರಸಂಗ್ರಹ. ಸುಮಾರು 5000 ಪ್ರಮೇಯಗಳು ಮತ್ತು ಸೂತ್ರಗಳು ಅದರಲ್ಲಿ ಸಾಲುಗಟ್ಟಿ ನಿಂತಿದ್ದವು. ಹೆಚ್ಚಿನವುಗಳಿಗೆ ಸಾಧನೆಯೇ ಇರಲಿಲ್ಲ. ಇದ್ದರೂ ಅತಿ ಸಂಕ್ಷಿಪ್ತವಾಗಿತ್ತು. ಪರೀಕ್ಷೆಗೆ ಓದುವವರ ಅನುಕೂಲಕ್ಕಾಗಿ ಸಿದ್ಧವಾದ ಆ ಶುಷ್ಕ ಗ್ರಂಥವೇ ರಾಮಾನುಜನ್ನನ ಪಾಲಿಗೆ ನಿಧಿಯಾಯಿತು. ಒಂದೊಂದು ಸೂತ್ರವನ್ನೂ ತಾನೇ ಸಾಧಿಸಿ ನೋಡತೊಡಗಿದನು. ಸಾಧಿಸುತ್ತ ಹೋದಂತೆ ಪುಸ್ತಕದಲ್ಲಿಲ್ಲದ ಹೊಸ ಸೂತ್ರಗಳು ಹೊಳೆಯತೊಡಗಿದವು. ಕಾಗದಕ್ಕೆ ಹಣವಿಲ್ಲದ್ದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರಸಿ, ಕೊನೆಯ ಫಲಿತಾಂಶವನ್ನು ಮಾತ್ರ ಟಿಪ್ಪಣಿ ಪುಸ್ತಕಕ್ಕೆ ಏರಿಸುತ್ತಿದ್ದನು.

ಈ ಸ್ಥಿತಿಯಲ್ಲಿ ಅವನು ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ಎಫ್.ಎ. ತರಗತಿಗೆ ಸೇರಿದನು. ಎಫ್.ಎ. ಎಂದರೆ ಹೆಚ್ಚು ಕಡಿಮೆ ಇಂದಿನ ಪದವಿಪೂರ್ವ ಶಿಕ್ಷಣಕ್ಕೆ ಸಮನಾದ ಎರಡು ವರ್ಷಗಳ ವ್ಯಾಸಂಗ. ಅದರಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಪದವಿ ತರಗತಿಗೆ ಪ್ರವೇಶವಿತ್ತು. ಇಂಗ್ಲಿಷ್ ಮತ್ತು ಗಣಿತಗಳಲ್ಲಿ ಪ್ರಾವೀಣ್ಯ ತೋರಿದವರಿಗೆ ಸಾಮಾನ್ಯವಾಗಿ ಸಲ್ಲುತ್ತಿದ್ದ ಒಂದು ವಿದ್ಯಾರ್ಥಿವೇತನ ಅವನಿಗೆ ದೊರೆತಿತ್ತು. ಆದರೆ ತರಗತಿಯಲ್ಲಿ ಯಾವ ಪಾಠ ನಡೆಯುತ್ತಿದ್ದರೂ ಅವನು ಸೂತ್ರಗಳಲ್ಲಿ ಮುಳುಗಿರುತ್ತಿದ್ದನು. ಚರಿತ್ರೆಯಾಗಲಿ, ಶರೀರಶಾಸ್ತ್ರವಾಗಲಿ ಅವನ ಕಿವಿಗೆ ಬೀಳಲಿಲ್ಲ. ಇಂಗ್ಲಿಷ್ ಪ್ರಬಂಧ ರಚನೆಯಲ್ಲಿ ಅವನು ಅನುತ್ತೀರ್ಣನಾದುದರಿಂದ ವಿದ್ಯಾರ್ಥಿವೇತನ ನಿಂತುಹೋಯಿತು. ತಾಯಿ ಪ್ರಿನ್ಸಿಪಾಲರ ಬಳಿಗೇ ಹೋಗಿ, ಗಣಿತದಲ್ಲಿ ತನ್ನ ಮಗನಿಗೆ ಸರಿಸಮಾನರಿಲ್ಲವೆಂದು ವಾದಿಸಿದರು. ನಿಯಮ ನಿಯಮವೇ ಎಂಬುದು ಅಲ್ಲಿ ದೊರೆತ ಉತ್ತರದ ಸಾರ.

ಶುಲ್ಕ ತೆರುವ ಶಕ್ತಿ ಮನೆಯವರಿಗಿರಲಿಲ್ಲ. ಅವಮಾನದಿಂದ ನೊಂದ ಆ ಹದಿನೇಳರ ಹುಡುಗ 1905ರಲ್ಲಿ ಯಾರಿಗೂ ತಿಳಿಸದೆ ಮನೆ ಬಿಟ್ಟು ದೂರದ ವಿಶಾಖಪಟ್ಟಣಕ್ಕೆ ಹೊರಟುಹೋದನು. ಕೆಲಕಾಲದ ಮೇಲೆ ಮನೆಗೆ ಹಿಂದಿರುಗಿದನಾದರೂ ಕುಂಭಕೋಣದ ಕಾಲೇಜು ಅವನಿಗೆ ದಕ್ಕಲಿಲ್ಲ.

1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಮತ್ತೊಂದು ಅವಕಾಶ ದೊರೆಯಿತು. ಅಲ್ಲಿನ ಗಣಿತದ ಅಧ್ಯಾಪಕರು ಅವನ ಟಿಪ್ಪಣಿ ಪುಸ್ತಕವನ್ನು ನೋಡಿ ಬೆರಗಾಗಿ ಅವನನ್ನು ಪ್ರಿನ್ಸಿಪಾಲರಲ್ಲಿಗೆ ಕಳುಹಿಸಿದರು. ಭಾಗಶಃ ವಿದ್ಯಾರ್ಥಿವೇತನವೂ ಮಂಜೂರಾಯಿತು. ಆದರೆ ಎಫ್.ಎ. ಪರೀಕ್ಷೆಯನ್ನು ನಡೆಸುತ್ತಿದ್ದುದು ಕಾಲೇಜಲ್ಲ, ಮದರಾಸು ವಿಶ್ವವಿದ್ಯಾನಿಲಯ. ಅಲ್ಲಿ ಎಲ್ಲ ವಿಷಯಗಳಲ್ಲಿಯೂ ತೇರ್ಗಡೆ ಹೊಂದಲೇಬೇಕು. ಮೂರು ಗಂಟೆಗಳ ಗಣಿತದ ಪ್ರಶ್ನಪತ್ರಿಕೆಯನ್ನು ಅರ್ಧ ಗಂಟೆಯಲ್ಲಿ ಬಿಡಿಸಬಲ್ಲವನಾಗಿದ್ದ ರಾಮಾನುಜನ್ ಶರೀರಶಾಸ್ತ್ರದಲ್ಲಿ ಬಹು ಕಡಿಮೆ ಅಂಕಗಳನ್ನು ಪಡೆದನು. 1906ರ ಪರೀಕ್ಷೆಯಲ್ಲಿ ಅನುತ್ತೀರ್ಣನಾದನು. 1907ರಲ್ಲಿ ಖಾಸಗಿಯಾಗಿ ಕುಳಿತಾಗಲೂ ಗಣಿತವೊಂದನ್ನುಳಿದು ಫಲ ಅದೇ ಆಯಿತು. ಕಾಲೇಜು ಶಿಕ್ಷಣದ ಬಾಗಿಲು ಮುಚ್ಚಿತು.

ಇಲ್ಲಿ ವಿಶ್ವವಿದ್ಯಾನಿಲಯವನ್ನು ಮಾತ್ರ ದೂರುವುದು ನ್ಯಾಯವಾಗಲಾರದು. ಸಾವಿರಾರು ವಿದ್ಯಾರ್ಥಿಗಳನ್ನು ಅಳೆಯಬೇಕಾದಾಗ ಎಲ್ಲರಿಗೂ ಒಂದೇ ಅಳತೆಗೋಲು ಬೇಕಾಗುತ್ತದೆ. ಬಲ್ಲವರ ಮಗನೆಂದು ಒಬ್ಬನಿಗೆ, ಬೇಕಾದವನೆಂದು ಇನ್ನೊಬ್ಬನಿಗೆ ನಿಯಮವನ್ನು ಸಡಿಲಿಸಿದರೆ ಕೊನೆಗೆ ಅನ್ಯಾಯವಾಗುವುದು ಬಡವನಿಗೇ. ರಾಮಾನುಜನ್ ಕೂಡ ಉಳಿದ ಪಾಠಗಳನ್ನು ಅಲಕ್ಷಿಸಿದ್ದು ನಿಜ. ಅದರ ಬೆಲೆಯನ್ನು ಅವನು ಹಸಿವಿನ ರೂಪದಲ್ಲಿ ತೆರಬೇಕಾಯಿತು. ಆದರೆ ಅಂದಿನ ಅಂಕಪಟ್ಟಿ ಒಬ್ಬ ವಿದ್ಯಾರ್ಥಿಯಲ್ಲಿ ಏನಿಲ್ಲವೆಂಬುದನ್ನು ತಿಳಿಸಿತೇ ಹೊರತು ಏನಿದೆಯೆಂಬುದನ್ನು ತಿಳಿಸಲಿಲ್ಲ. ಅದನ್ನು ತಿಳಿಸಬಲ್ಲದ್ದು ಅವನ ಕಂಕುಳಲ್ಲಿದ್ದ ಟಿಪ್ಪಣಿ ಪುಸ್ತಕ ಮಾತ್ರ. ಅದನ್ನು ಓದಬಲ್ಲವರು ಬೇಕಾಗಿದ್ದರು.

1909ರಲ್ಲಿ ರಾಮಾನುಜನ್ನರಿಗೆ ಜಾನಕಿಯೊಡನೆ ವಿವಾಹವಾಯಿತು. ಸಂಸಾರದ ಹೊಣೆ ಬಿದ್ದಿತು, ಉದ್ಯೋಗ ಅವಶ್ಯವಾಯಿತು. ಪದವಿಯಿಲ್ಲದ ಅವರು ಟಿಪ್ಪಣಿ ಪುಸ್ತಕಗಳನ್ನೇ ಅರ್ಹತಾಪತ್ರವೆಂದು ಹಿಡಿದು ಮನೆಯಿಂದ ಮನೆಗೆ ಅಲೆದರು. ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರಲ್ಲಿ ಒಂದು ಗುಮಾಸ್ತೆಯ ಕೆಲಸವನ್ನು ಬೇಡಿದರು. ಭಾರತೀಯ ಗಣಿತ ಸಂಘದ ಸ್ಥಾಪಕರಾಗಿದ್ದ ಅವರು ಪುಸ್ತಕದ ಹಾಳೆಗಳನ್ನು ತಿರುವಿ, ಇಂಥವನನ್ನು ಕಚೇರಿಯ ಕಡತಗಳ ನಡುವೆ ಹೂಳುವುದು ಪಾಪವೆಂದು ಬಗೆದು, ಮದರಾಸಿನ ತಮ್ಮ ಮಿತ್ರರಿಗೆ ಪರಿಚಯಪತ್ರ ಕೊಟ್ಟರು. ಹೀಗೆ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರ ಪರಿಚಯವಾಗಿ, ಅವರು ಕೆಲಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ಪೋಷಿಸಿದರು.

1911ರಲ್ಲಿ ರಾಮಾನುಜನ್ನರ ಮೊದಲನೆಯ ದೀರ್ಘ ಲೇಖನ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಸಂದರ್ಭದಲ್ಲಿ ಕನ್ನಡನಾಡಿಗೂ ಒಂದು ಪಾಲು ಸಲ್ಲುತ್ತದೆ. ಆ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಎಂ.ಟಿ. ನಾರಾಯಣ ಅಯ್ಯಂಗಾರ್ಯರು. ರಾಮಾನುಜನ್ನರ ಬರವಣಿಗೆಯಲ್ಲಿ ಹೊಸ ವಿಚಾರಗಳು ತುಂಬಿದ್ದರೂ ಕ್ರಮವೂ ಸ್ಪಷ್ಟತೆಯೂ ಸಾಲದಾಗಿದ್ದವು. ಸಂಪಾದಕರು ಅದನ್ನು ತಿರಸ್ಕರಿಸದೆ, ಮತ್ತೆ ಮತ್ತೆ ತಿದ್ದಿಸಿ, ಓದುಗರು ಗ್ರಹಿಸುವಂತಹ ರೂಪಕ್ಕೆ ತಂದರು.

1912ರ ಮಾರ್ಚ್ ತಿಂಗಳಲ್ಲಿ ರಾಮಾನುಜನ್ನರು ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿನ ಮೇಲಧಿಕಾರಿಗಳಾದ ನಾರಾಯಣ ಅಯ್ಯರ್ ಮತ್ತು ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು ಈ ಗುಮಾಸ್ತರ ಬೆಲೆಯನ್ನು ಅರಿತವರಾಗಿದ್ದರು. ಹಿತೈಷಿಗಳ ಪ್ರೋತ್ಸಾಹದಿಂದ ರಾಮಾನುಜನ್ನರು ಇಂಗ್ಲೆಂಡಿನ ಗಣಿತಜ್ಞರಿಗೆ ಪತ್ರಗಳನ್ನು ಬರೆದರು. ಇಬ್ಬರು ಪ್ರಸಿದ್ಧರಿಂದ ಯಾವ ನೆರವೂ ದೊರೆಯಲಿಲ್ಲ. ಮೂರನೆಯ ಪತ್ರವನ್ನು 1913ರ ಜನವರಿ 16ರಂದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಜಿ.ಎಚ್. ಹಾರ್ಡಿ ಅವರಿಗೆ ಬರೆದರು. ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಾಗಿಲ್ಲವೆಂಬುದನ್ನು ಅದರಲ್ಲಿ ಮುಚ್ಚಿಡಲಿಲ್ಲ. ಪತ್ರದ ಜೊತೆಗೆ ತಾವು ಕಂಡುಹಿಡಿದ ನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ಸಾಧನೆಗಳಿಲ್ಲದೆ ಕಳುಹಿಸಿದರು.

ಹಾರ್ಡಿಯವರಿಗೆ ಮೊದಲು ಇದು ಯಾರದೋ ಕುಚೇಷ್ಟೆಯೆಂಬ ಸಂಶಯ ಬಂದಿತು. ಆದರೂ ಪತ್ರವನ್ನು ಬುಟ್ಟಿಗೆ ಎಸೆಯಲಿಲ್ಲ. ಅಂದಿನ ರಾತ್ರಿ ಸಹೋದ್ಯೋಗಿ ಲಿಟಲ್‌ವುಡ್ ಅವರೊಡನೆ ಕುಳಿತು ಒಂದೊಂದಾಗಿ ಸೂತ್ರಗಳನ್ನು ಪರೀಕ್ಷಿಸಿದರು. ಕೆಲವು ತಿಳಿದಿದ್ದವು, ಕೆಲವು ತಪ್ಪಾಗಿದ್ದವು, ಇನ್ನು ಕೆಲವು ಅವರು ಹಿಂದೆಂದೂ ಕಾಣದಂಥವು. ವಂಚಕನೊಬ್ಬನು ಇಂಥವನ್ನು ಕಲ್ಪಿಸಿ ಬರೆಯುವುದು ಅಸಾಧ್ಯವೆಂಬುದು ಅವರಿಗೆ ಮನವರಿಕೆಯಾಯಿತು. ರಾಮಾನುಜನ್ನರ ಬಾಳಿನಲ್ಲಿ ನಿಜವಾದ ಪ್ರವೇಶ ಪರೀಕ್ಷೆ ನಡೆದದ್ದು ಅಂದು, ಪರೀಕ್ಷಾರ್ಥಿಯ ಬೆನ್ನ ಹಿಂದೆ, ಸಾವಿರಾರು ಮೈಲಿಗಳಾಚೆ.

ಇತ್ತ ಮದರಾಸಿನಲ್ಲಿಯೂ ಗಾಳಿ ತಿರುಗಿತು. ಹವಾಮಾನ ಇಲಾಖೆಯ ಮುಖ್ಯಸ್ಥರೂ ಗಣಿತಜ್ಞರೂ ಆಗಿದ್ದ ಗಿಲ್ಬರ್ಟ್ ವಾಕರ್ ಅವರು ರಾಮಾನುಜನ್ನರಿಗೆ ನೆರವು ನೀಡಬೇಕೆಂದು ವಿಶ್ವವಿದ್ಯಾನಿಲಯಕ್ಕೆ ಬರೆದರು. ಆಗ ಹಳೆಯ ಪ್ರಶ್ನೆಯೇ ಮತ್ತೆ ಎದ್ದಿತು. ಸಂಶೋಧನ ವೇತನ ಸಲ್ಲಬೇಕಾದರೆ ಪದವಿ ಬೇಕು, ಇವರಾದರೋ ಎಫ್.ಎ. ಪರೀಕ್ಷೆಯನ್ನೇ ದಾಟಿದವರಲ್ಲ. ಸಭೆಯಲ್ಲಿ ಉಪಕುಲಪತಿಗಳು, ಸಂಶೋಧನೆಗೆ ಪ್ರೋತ್ಸಾಹ ಕೊಡುವುದು ವಿಶ್ವವಿದ್ಯಾನಿಲಯದ ಉದ್ದೇಶಗಳಲ್ಲಿ ಒಂದೆಂದು ಅದನ್ನು ಸ್ಥಾಪಿಸಿದ ಶಾಸನದಲ್ಲಿಯೇ ಹೇಳಿದೆಯೆಂಬುದನ್ನು ನೆನಪಿಗೆ ತಂದರು. ನಿಯಮಕ್ಕಿಂತ ನಿಯಮದ ಉದ್ದೇಶ ದೊಡ್ಡದೆಂಬುದನ್ನು ಸಭೆ ಒಪ್ಪಿತು. 1913ರ ಮೇ ತಿಂಗಳಿಂದ ಎರಡು ವರ್ಷಗಳ ಕಾಲಕ್ಕೆ, ತಿಂಗಳಿಗೆ 75 ರೂಪಾಯಿಗಳ ವೇತನ ಮಂಜೂರಾಯಿತು. ಎರಡು ಬಾರಿ ಅನುತ್ತೀರ್ಣನೆಂದು ಘೋಷಿಸಿದ ವಿಶ್ವವಿದ್ಯಾನಿಲಯವೇ ಅದೇ ವ್ಯಕ್ತಿಯನ್ನು ತನ್ನ ಸಂಶೋಧಕನೆಂದು ಸ್ವೀಕರಿಸಿತು. ಇಂಗ್ಲೆಂಡಿಗೆ ಹೋಗುವ ಏರ್ಪಾಡಾದಾಗ ವರ್ಷಕ್ಕೆ 250 ಪೌಂಡುಗಳನ್ನು ಕೊಟ್ಟದ್ದೂ ಅದೇ ವಿಶ್ವವಿದ್ಯಾನಿಲಯ.

1914ರ ಮಾರ್ಚ್ 17ರಂದು ರಾಮಾನುಜನ್ನರು ಹಡಗನ್ನೇರಿದರು. ಟ್ರಿನಿಟಿ ಕಾಲೇಜಿನಲ್ಲಿ ಹಾರ್ಡಿಯವರಿಗೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಕೆಲವು ಕ್ಷೇತ್ರಗಳಲ್ಲಿ ಈ ಶಿಷ್ಯನು ಜಗತ್ತಿನ ಯಾವ ಪಂಡಿತನಿಗಿಂತಲೂ ಮುಂದೆ ಇದ್ದನು. ಆದರೆ ಪದವಿ ವಿದ್ಯಾರ್ಥಿಗಳಿಗೂ ತಿಳಿದಿರುವ ಎಷ್ಟೋ ಸಂಗತಿಗಳನ್ನು ಕೇಳಿಯೇ ಇರಲಿಲ್ಲ. ಸಾಧನೆಯ ಕಟ್ಟುನಿಟ್ಟನ್ನು ಕಲಿಸಬೇಕು, ಸ್ವಂತ ಹೊಳಹು ಮಂಕಾಗಲೂ ಬಾರದು. ಹಾರ್ಡಿಯವರು ಬಹು ಎಚ್ಚರಿಕೆಯಿಂದ ಈ ಕಾರ್ಯವನ್ನು ನಿರ್ವಹಿಸಿದರು.

ಅವರಿಬ್ಬರೂ ಸೇರಿ ಮಾಡಿದ ಒಂದು ಕೆಲಸವನ್ನು ಇಲ್ಲಿ ತಿಳಿಯಬಹುದು. 4 ಎಂಬ ಸಂಖ್ಯೆಯನ್ನು 4, 3+1, 2+2, 2+1+1, 1+1+1+1 ಎಂದು ಐದು ವಿಧವಾಗಿ ಬರೆಯಬಹುದು. ಸಂಖ್ಯೆ ದೊಡ್ಡದಾದಂತೆ ಈ ವಿಧಗಳು ಅಪಾರವಾಗಿ ಬೆಳೆಯುತ್ತವೆ. 100ಕ್ಕೆ ಅವು 19 ಕೋಟಿಯನ್ನು ಮೀರುತ್ತವೆ. ಒಂದೊಂದಾಗಿ ಎಣಿಸದೆ ಈ ಮೊತ್ತವನ್ನು ಅತಿ ನಿಖರವಾಗಿ ಅಂದಾಜು ಮಾಡುವ ಸೂತ್ರವನ್ನು ಅವರು 1918ರಲ್ಲಿ ಪ್ರಕಟಿಸಿದರು.

1916ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸಂಶೋಧನೆಯ ಆಧಾರದ ಮೇಲೆ ರಾಮಾನುಜನ್ನರಿಗೆ ಬಿ.ಎ. ಪದವಿಯನ್ನಿತ್ತಿತು. 1918ರ ಮೇ ತಿಂಗಳಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿಯೂ, ಅಕ್ಟೋಬರಿನಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಆಗಿಯೂ ಚುನಾಯಿತರಾದರು. ಟ್ರಿನಿಟಿಯ ಆ ಗೌರವ ಭಾರತೀಯನೊಬ್ಬನಿಗೆ ಸಂದದ್ದು ಅದೇ ಮೊದಲು. ಆದರೆ ಮಹಾಯುದ್ಧದ ಕಾಲದ ಅಭಾವ, ಪರದೇಶದ ಚಳಿ, ಸಸ್ಯಾಹಾರದ ನಿಯಮ, ಬಿಡುವಿಲ್ಲದ ದುಡಿಮೆ ಇವುಗಳ ನಡುವೆ 1917ರಿಂದಲೇ ಅವರ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ತಾಯ್ನಾಡಿಗೆ ಮರಳಿದರು. ಹಾಸಿಗೆ ಹಿಡಿದಿದ್ದಾಗಲೂ ಲೆಕ್ಕವನ್ನು ಬಿಡಲಿಲ್ಲ. 1920ರ ಏಪ್ರಿಲ್ 26ರಂದು, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ಕೊನೆಯುಸಿರೆಳೆದರು. ಅವರ ಕೊನೆಯ ದಿನಗಳ ಹಾಳೆಗಳು 1976ರಲ್ಲಿ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಬೆಳಕಿಗೆ ಬಂದು, ಗಣಿತಜ್ಞರಿಗೆ ಹೊಸ ದಾರಿಗಳನ್ನು ತೋರಿಸಿದವು.

ರಾಮಾನುಜನ್ನರ ಅಕಾಲಮರಣಕ್ಕಿಂತಲೂ, ಹದಿನೆಂಟರಿಂದ ಇಪ್ಪತ್ತೈದರವರೆಗಿನ ಅಮೂಲ್ಯ ವರ್ಷಗಳು ಮಾರ್ಗದರ್ಶನವಿಲ್ಲದೆ ಕಳೆದುಹೋದದ್ದೇ ದೊಡ್ಡ ದುರಂತವೆಂದು ಹಾರ್ಡಿಯವರು ಭಾವಿಸಿದ್ದರು. ಆ ವರ್ಷಗಳನ್ನು ಯಾರೂ ಮರಳಿ ಕೊಡಲಾರರು. ಅವರಿಗೆ ಕೊನೆಗಾದರೂ ಒಬ್ಬ ಓದುಗರು ದೊರೆತರು. ಓದುವವರು ದೊರೆಯದೆ ಮುಚ್ಚಿಹೋದ ಟಿಪ್ಪಣಿ ಪುಸ್ತಕಗಳು ಎಷ್ಟಿದ್ದವೋ ಬಲ್ಲವರಾರು!

ಈ ನೋವನ್ನು ಸ್ವತಃ ಅನುಭವಿಸಿದ ರಾಮಾನುಜನ್ನರು ಅದನ್ನು ಮರೆಯಲಿಲ್ಲ. 1919ರ ಜನವರಿಯಲ್ಲಿ, ಮದರಾಸು ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡುಗಳ ಗೌರವವೇತನವನ್ನು ಕೊಡಲು ಮುಂದಾದಾಗ, ಅವರು ಇಂಗ್ಲೆಂಡಿನಿಂದಲೇ ಒಂದು ಪತ್ರವನ್ನು ಬರೆದರು. ತಮ್ಮ ತಂದೆತಾಯಿಗಳ ಮತ್ತು ತಮ್ಮ ಅವಶ್ಯಕ ವೆಚ್ಚಗಳನ್ನು ಕಳೆದು ಉಳಿದ ಹಣವನ್ನು ಬಡ ಮಕ್ಕಳ ಹಾಗೂ ಅನಾಥರ ಶಾಲಾ ಶುಲ್ಕವನ್ನು ತಗ್ಗಿಸುವುದಕ್ಕೂ ಶಾಲೆಗಳಿಗೆ ಪುಸ್ತಕ ಒದಗಿಸುವುದಕ್ಕೂ ವಿನಿಯೋಗಿಸಬೇಕೆಂದು ಅದರಲ್ಲಿ ಕೋರಿದರು. ಶುಲ್ಕ ಕಟ್ಟಲಾರದೆ ಕಾಲೇಜಿನ ಬಾಗಿಲಿಂದ ಹಿಂದಿರುಗಿದ್ದ ಹುಡುಗನು, ತನಗೆ ದೊಡ್ಡ ಬಾಗಿಲುಗಳು ತೆರೆದ ಮೇಲೆ, ತನ್ನ ಹಿಂದೆ ಬರುವವರಿಗಾಗಿ ಅವುಗಳನ್ನು ತೆರೆದಿಡಲು ಬಯಸಿದನು.