ಹುಯಿಲಗೋಳ ನಾರಾಯಣರಾಯರು: ಗದುಗಿನ ನಾಟಕಕಾರರ ಜೀವನ ಪರಿಚಯ

ಹುಯಿಲಗೋಳ ನಾರಾಯಣರಾಯರನ್ನು ಕನ್ನಡ ಜನತೆ ಬಲ್ಲುದು ಒಂದು ಗೀತೆಯಿಂದ. ‘ಉದಯವಾಗಲಿ’ ಎಂದು ಮೊದಲಾಗುವ ಆ ನಾಡಗೀತದ ಕೀರ್ತಿಯು ಎಷ್ಟು ವ್ಯಾಪಕವಾಯಿತೆಂದರೆ, ಅದರ ಕರ್ತೃಗಳು ಹತ್ತಕ್ಕೂ ಮಿಕ್ಕಿ ನಾಟಕಗಳನ್ನು ರಚಿಸಿದವರು, ಕಾದಂಬರಿಯನ್ನೂ ಬರೆದವರು ಎಂಬ ಸಂಗತಿಯು ಅದರ ನೆರಳಿನಲ್ಲಿ ಮರೆಯಾಯಿತು. ಗದುಗಿನವರಾದ ನಾವಾದರೂ ಆ ಪೂರ್ಣ ಜೀವನವನ್ನು ಅರಿಯುವುದು ಉಚಿತ.

ರಾಯರು ಜನಿಸಿದ್ದು ಗದುಗಿನಲ್ಲಿ, 1884ನೆಯ ಅಕ್ಟೋಬರ್ 4ರಂದು. ಮನೆತನದ ಹೆಸರು ಗದಗ ತಾಲೂಕಿನ ಹುಯಿಲಗೋಳ ಗ್ರಾಮದಿಂದ ಬಂದುದು. ಗದಗ, ಗೋಕಾಕಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನೂ ಧಾರವಾಡದಲ್ಲಿ ಪ್ರೌಢ ಶಿಕ್ಷಣವನ್ನೂ ಮುಗಿಸಿ 1902ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಆಗ ನಮ್ಮ ಭಾಗದ ಹುಡುಗರಿಗೆ ಉನ್ನತ ಶಿಕ್ಷಣವೆಂದರೆ ಪುಣೆ ಇಲ್ಲವೆ ಮುಂಬಯಿ. ರಾಯರು ಪುಣೆಯ ಫರ್ಗ್ಯೂಸನ್ ಕಾಲೇಜನ್ನು ಸೇರಿ 1907ರಲ್ಲಿ ಪದವೀಧರರಾದರು.

ಅಂದಿನ ಪುಣೆಯು ಮರಾಠಿ ಸಂಗೀತ ನಾಟಕದ ವೈಭವವನ್ನು ಕಂಡ ಪಟ್ಟಣ. ಆ ರಂಗಭೂಮಿಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡ ನೆಲದ ಪ್ರತಿಭೆ ಮರಾಠಿಯನ್ನು ಬೆಳಗುತ್ತಿದ್ದಾಗ, ಕನ್ನಡಿಗರು ತಮ್ಮ ಊರುಗಳಲ್ಲಿ ಮರಾಠಿ ಮಂಡಳಿಗಳ ಆಟವನ್ನೇ ನೋಡಿ ತಲೆದೂಗುತ್ತಿದ್ದರು. ಇದನ್ನು ಸಹಿಸದೆ ಶಾಂತಕವಿಗಳೆನಿಸಿದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿಯೇ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯೊಂದನ್ನು ಕಟ್ಟಿದ್ದರು. ಆ ಪರಂಪರೆಯ ಊರಿಗೆ ನಾರಾಯಣರಾಯರು ಮರಳಿ ಬಂದರು. ಸ್ವಲ್ಪ ಕಾಲ ಧಾರವಾಡದಲ್ಲಿ ಶಿಕ್ಷಕರಾಗಿದ್ದು, ಕಾನೂನು ವ್ಯಾಸಂಗವನ್ನು ಪೂರೈಸಿ, 1911ರಿಂದ ಗದುಗಿನಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು.

ಹಗಲು ನ್ಯಾಯಾಲಯದ ಕೆಲಸ, ಉಳಿದ ಹೊತ್ತು ನಾಟಕ. ‘ಅಜ್ಞಾತವಾಸ’, ‘ಉತ್ತರ ಗೋಗ್ರಹಣ’, ‘ಭಾರತ ಸಂಧಾನ’ ಇವು ಮಹಾಭಾರತದಿಂದ ಎತ್ತಿಕೊಂಡ ವಸ್ತುಗಳು. ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಊರಿನ ನಾಟಕಕಾರನಿಗೆ ಈ ಕಥೆಗಳು ನೆರೆಮನೆಯವರಷ್ಟು ಪರಿಚಿತ. ‘ಕುಮಾರರಾಮ ಚರಿತ’ ಮತ್ತು ‘ವಿದ್ಯಾರಣ್ಯ’ ನಾಟಕಗಳಲ್ಲಿ ಅವರು ನಾಡಿನ ಇತಿಹಾಸದತ್ತ ಹೊರಳಿದರು. ‘ಸ್ತ್ರೀಧರ್ಮ ರಹಸ್ಯ’, ‘ಶಿಕ್ಷಣ ಸಂಭ್ರಮ’, ‘ಪತಿತೋದ್ಧಾರ’ ಎಂಬ ಹೆಸರುಗಳೇ ಅವರ ಸಾಮಾಜಿಕ ಕಳಕಳಿಯನ್ನು ಸೂಚಿಸುತ್ತವೆ. ಈ ನಾಟಕಗಳನ್ನು ಇಂದು ಓದುವವರು ವಿರಳ. ಪೌರಾಣಿಕ ನಾಟಕದ ಆ ಕಾಲದ ಹದ ನಮ್ಮ ರುಚಿಗೆ ದೂರವಾಗಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅವು ಓದುವ ಪುಸ್ತಕಗಳಾಗಿ ಹುಟ್ಟಿದವಲ್ಲ, ಆಡುವವರಿಗಾಗಿ ಹುಟ್ಟಿದವು. ಅವನ್ನು ರಂಗಕ್ಕೆ ತಂದವರು ಹೊಟ್ಟೆಪಾಡಿನ ನಟರಲ್ಲ, ಗದುಗಿನ ಯಂಗ್ ಮೆನ್ಸ್ ಫುಟ್‌ಬಾಲ್ ಕ್ಲಬ್ಬಿನ ಹವ್ಯಾಸಿಗಳು! ಚೆಂಡಾಟದ ಸಂಘವು ಬಣ್ಣ ಹಚ್ಚಿದ ಈ ವಿಚಿತ್ರವು ನಮ್ಮ ಊರಿನ ಸೊಗಸುಗಳಲ್ಲೊಂದು. ಗದುಗಿನ ವಿದ್ಯಾದಾನ ಸಮಿತಿಯ ಹೆಸರೂ ಈ ರಂಗ ಚಟುವಟಿಕೆಯೊಡನೆ ಹೆಣೆದುಕೊಂಡಿದೆ. ಶಾಲೆಗೆ ದಾನವಿತ್ತು ಬಲ್ಲ ಮಹನೀಯರಿಗೆ ಈ ನಂಟಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಗೀತೆಯ ವಿಷಯ. ಅದರ ತೀವ್ರತೆ ತಿಳಿಯಬೇಕಾದರೆ ಅಂದಿನ ನಮ್ಮ ಸುತ್ತಲಿನ ನಕಾಶೆಯನ್ನು ಕಣ್ಮುಂದೆ ತಂದುಕೊಳ್ಳಬೇಕು. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನದ್ದು; ಅದರ ನೆರೆಯ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಇಲಾಖೆಯ ಬಳ್ಳಾರಿ ಜಿಲ್ಲೆ. ಮೂಡಲಿಗೆ ಕೊಪ್ಪಳದತ್ತ ನಡೆದರೆ ನಿಜಾಮರ ರಾಜ್ಯ. ಚಕ್ಕಡಿ ಹೂಡಿಕೊಂಡು ಬೀಗರ ಊರಿಗೆ ಹೊರಟ ಒಕ್ಕಲಿಗನು ಮಾತು ಬದಲಿಸದೆ ದೊರೆಯನ್ನು ಬದಲಿಸುತ್ತಿದ್ದನು. ಮನೆಯಲ್ಲಿ ಕನ್ನಡ, ಅರ್ಜಿ ಕೊಡಬೇಕಾದಲ್ಲಿ ಒಂದು ಕಡೆ ಮರಾಠಿ, ಇನ್ನೊಂದು ಕಡೆ ಉರ್ದು. ಕಾಗದಪತ್ರಗಳ ನಡುವೆಯೇ ಬಾಳಿದ ವಕೀಲರಿಗೆ ಈ ಸಂಕಟವು ನಿತ್ಯದ ಅನುಭವವಾಗಿದ್ದಿರಬೇಕು.

ಇಂಥ ಸ್ಥಿತಿ ನಮಗೊಬ್ಬರಿಗೇ ಬಂದುದಲ್ಲ. ಜರ್ಮನ್ ನುಡಿಯ ಜನರು ಸಹ ಬಹುಕಾಲ ಹಲವಾರು ಸಣ್ಣ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಅವರ ನಾಟಕಕಾರ ಶಿಲ್ಲರನು 1782ರಲ್ಲಿ ಮ್ಯಾನ್‌ಹೈಮಿನಲ್ಲಿ ತನ್ನ ಮೊದಲ ನಾಟಕದ ಪ್ರಯೋಗವನ್ನು ನೋಡಲು ತನ್ನ ದೊರೆಯ ಅಪ್ಪಣೆಯಿಲ್ಲದೆ ಗುಟ್ಟಾಗಿ ಗಡಿ ದಾಟಿ ಹೋಗಬೇಕಾಯಿತು. ರಾಜ್ಯಗಳು ಬೇರೆಯಾಗಿದ್ದರೂ ರಂಗಭೂಮಿ ಅವರಿಗೆ ಒಂದೇ ಆಗಿತ್ತು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಜರುಗಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅಧಿವೇಶನದ ನೆಲೆಗೆ ವಿಜಯನಗರವೆಂದು ಹೆಸರಿಟ್ಟಿದ್ದರು. ವಿದ್ಯಾರಣ್ಯರನ್ನು ಕುರಿತು ನಾಟಕ ಬರೆದ ರಾಯರಿಗೆ ಆ ಹೆಸರು ಎಷ್ಟು ಹಿತವಾಗಿದ್ದಿರಬೇಕು! ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನೆರೆಯಿತು. ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಹಾಡಿದುದೂ ಆ ಅಧಿವೇಶನದಲ್ಲಿಯೇ. ರಾಯರ ಗೀತೆಯು ಅಲ್ಲಿ ಮೊಳಗಿ, ಮುಂದಿನ ಮೂರು ದಶಕಗಳ ಕಾಲ ಏಕೀಕರಣದ ಸಭೆಗಳಲ್ಲಿ, ಶಾಲೆಗಳ ಪ್ರಾರ್ಥನೆಯಲ್ಲಿ ಮನೆಮಾತಾಯಿತು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದು ಬುದ್ಧಿಗೆ ಹೇಳಿದುದನ್ನು ಈ ಗೀತೆಯು ಅಕ್ಷರ ಬಾರದವರ ನಾಲಿಗೆಗೂ ತಲುಪಿಸಿತು.

ರಾಯರ ಕಾದಂಬರಿಯ ಹೆಸರು ‘ಮೂಡಲು ಹರಿಯಿತು’. ಗೀತೆಯಲ್ಲಿ ಉದಯವನ್ನು ಹಾರೈಸಿದ ಲೇಖನಿಯು ಕಾದಂಬರಿಗೂ ಬೆಳಗಿನ ಹೆಸರನ್ನೇ ಇಟ್ಟಿದೆ. ಹಾರೈಸಿದ್ದನ್ನು ಕಣ್ಣಾರೆ ಕಾಣುವ ಭಾಗ್ಯ ಎಲ್ಲ ಕವಿಗಳಿಗೂ ಲಭಿಸುವುದಿಲ್ಲ; ರಾಯರಿಗೆ ಲಭಿಸಿತು. 1948ರಲ್ಲಿ ಸಾಂಗ್ಲಿ, ಮಿರಜ ಸಂಸ್ಥಾನಗಳು ವಿಲೀನಗೊಂಡವು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದೇ ರಾಜ್ಯದಲ್ಲಿ ಕೂಡಿದಾಗ ರಾಯರಿಗೆ 72 ವರ್ಷ ವಯಸ್ಸು. ಆ ರಾಜ್ಯಕ್ಕೆ ಮಾತ್ರ ಇನ್ನೂ ಮೈಸೂರೆಂಬ ಹೆಸರೇ ಇದ್ದಿತು.

1971ರ ಜುಲೈ 4ರಂದು ನಾರಾಯಣರಾಯರು ತೀರಿಕೊಂಡರು. ಎರಡು ವರ್ಷಗಳ ತರುವಾಯ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹೊಸ ಜಿಲ್ಲೆಯೊಂದು ರೂಪುಗೊಂಡಾಗ, ಹಿಂದೆ ಸಾಂಗ್ಲಿಗೂ ಮಿರಜಕ್ಕೂ ಕಂದಾಯ ಕಟ್ಟುತ್ತಿದ್ದ ಶಿರಹಟ್ಟಿ, ಲಕ್ಷ್ಮೇಶ್ವರಗಳು ಮುಂಡರಗಿಯ ಸಂಗಡ ಅದರಲ್ಲಿ ಸೇರಿದವು. ಆ ಜಿಲ್ಲೆಯ ಕೇಂದ್ರವಾದುದು ರಾಯರು ಹುಟ್ಟಿ, ವಕೀಲಿ ನಡೆಸಿ, ನಾಟಕಗಳನ್ನು ಬರೆದ ಗದಗ ಪಟ್ಟಣವೇ.