ಎರಡು ನೊಬೆಲ್ ಗೆದ್ದ ಪಾಲಿಂಗ್ ಮತ್ತು ಕ್ಯಾನ್ಸರ್‌ಗೆ ವಿಟಮಿನ್ ಸಿ

ನೆಲ್ಲಿಕಾಯಿ ತಿಂದರೆ ಕ್ಯಾನ್ಸರ್ ಬರಲ್ಲ, ಟೊಮೆಟೊ ತಿಂದರೆ ರೇಡಿಯೇಷನ್ ತಟ್ಟಲ್ಲ ಎನ್ನುವಂಥ ಫಾರ್ವರ್ಡ್‌ಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಫ್ಯಾಮಿಲಿ ಗ್ರೂಪ್‌ಗಳಿಗೆ ಹೊಸದಲ್ಲ. ಟೊಮೆಟೊ, ಮಾವು ಬೆಳೆಯುವ ಊರಿನವರಿಗೆ ಕೇಳಲು ಹಿತವಾಗಿಯೂ ಇರುತ್ತದೆ. ಇಂಥ ಮಾತುಗಳ ಬೇರು ಹುಡುಕಿದರೆ ಸಿಗುವ ದೊಡ್ಡ ಹೆಸರು ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್. ಯಾರೊಂದಿಗೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದ ಏಕೈಕ ವ್ಯಕ್ತಿ ಇವರು.

ಪಾಲಿಂಗ್ ಹುಟ್ಟಿದ್ದು 1901ರಲ್ಲಿ, ಪೋರ್ಟ್‌ಲ್ಯಾಂಡ್ ನಗರದಲ್ಲಿ. ಔಷಧಿ ಅಂಗಡಿ ನಡೆಸುತ್ತಿದ್ದ ತಂದೆ, ಮಗನಿಗೆ ಒಂಬತ್ತು ವರ್ಷವಿದ್ದಾಗಲೇ ತೀರಿಕೊಂಡರು. ಕಷ್ಟಪಟ್ಟು ಓದಿ 1925ರಲ್ಲಿ ಡಾಕ್ಟರೇಟ್ ಪಡೆದರು. ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಎಂಬುದನ್ನು ವಿವರಿಸಿದ್ದಕ್ಕೆ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಅದಕ್ಕೂ ಮುಂಚಿನ ಒಂದು ಘಟನೆ ಹೇಳಲೇಬೇಕು. 1941ರಲ್ಲಿ ಪಾಲಿಂಗ್‌ಗೆ ಕಿಡ್ನಿ ಕಾಯಿಲೆ ಬಂತು. ವೈದ್ಯ ಥಾಮಸ್ ಆಡಿಸ್ ಅವರು ಉಪ್ಪು, ಪ್ರೋಟೀನ್ ಎರಡನ್ನೂ ಕಡಿಮೆ ಮಾಡಿದ ಪಥ್ಯ ಕೊಟ್ಟರು. ಪಾಲಿಂಗ್ ಚೇತರಿಸಿಕೊಂಡರು. ಆಹಾರಕ್ಕೆ ಕಾಯಿಲೆಯ ದಾರಿ ಬದಲಿಸುವ ಶಕ್ತಿ ಇದೆ ಎಂದು ಅವರು ಮುಂದೆ ಅಷ್ಟು ಗಟ್ಟಿಯಾಗಿ ನಂಬಿದ್ದಕ್ಕೆ ಈ ಅನುಭವವೂ ಕಾರಣವಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ರೇಡಿಯೇಷನ್ ವಿಷಯ. 1950ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಬಯಲಿನಲ್ಲೇ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಗಾಳಿಗೆ ಸೇರಿದ ಸ್ಟ್ರಾನ್ಷಿಯಂ-90 ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಬಂದು, ಕ್ಯಾಲ್ಸಿಯಂನಂತೆಯೇ ಮಕ್ಕಳ ಮೂಳೆ ಸೇರುತ್ತಿತ್ತು. ಪಾಲಿಂಗ್ ಮತ್ತು ಪತ್ನಿ ಏವಾ ಹೆಲೆನ್ 9 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಸಂಗ್ರಹಿಸಿ, 1958ರ ಜನವರಿಯಲ್ಲಿ ವಿಶ್ವಸಂಸ್ಥೆಗೆ ಕೊಟ್ಟರು. ಅವರ ಬೇಡಿಕೆ ಪರೀಕ್ಷೆಗಳನ್ನೇ ನಿಲ್ಲಿಸಬೇಕು ಎಂಬುದಾಗಿತ್ತು. ಬಯಲು ಪರೀಕ್ಷೆ ನಿಷೇಧಿಸುವ ಒಪ್ಪಂದ 1963ರ ಅಕ್ಟೋಬರ್ 10ರಂದು ಜಾರಿಗೆ ಬಂತು. 1962ರ ಶಾಂತಿ ನೊಬೆಲ್ ಪಾಲಿಂಗ್‌ಗೆ ಎಂದು ಪ್ರಕಟವಾದದ್ದೂ ಅದೇ ದಿನ.

ರೇಡಿಯೇಷನ್ ದೇಹದೊಳಗೆ ಏನು ಮಾಡುತ್ತದೆ? ಜೀವಕೋಶದ ನೀರಿಗೆ ಬಡಿದು ಫ್ರೀ ರಾಡಿಕಲ್ ಎಂಬ ಪುಂಡ ಕಣಗಳನ್ನು ಹುಟ್ಟಿಸುತ್ತದೆ. ಅವು ಡಿಎನ್‌ಎಗೆ ಹಾನಿ ಮಾಡುತ್ತವೆ. ಹಣ್ಣು, ಸೊಪ್ಪಿನಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಇಂಥ ಕಣಗಳನ್ನು ಸುಮ್ಮನಾಗಿಸಬಲ್ಲವು. ಇಷ್ಟು ನಿಜ. 1990ರ ದಶಕದಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ತುಳಸಿ ಎಲೆಯ ಸಾರ ಕೊಟ್ಟ ಇಲಿಗಳು ರೇಡಿಯೇಷನ್‌ಗೆ ಒಡ್ಡಿದಾಗ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದದ್ದನ್ನು ತೋರಿಸಿದರು. ಆದರೆ ಅವು ಇಲಿಗಳು. ಸಾರವನ್ನು ಹೊಟ್ಟೆಯೊಳಕ್ಕೆ ಚುಚ್ಚಿದ್ದು, ಅದೂ ರೇಡಿಯೇಷನ್‌ಗೆ ಮುಂಚೆ. ನಾವು ಮನೆಯಲ್ಲಿ ಕುಡಿಯುವ ತುಳಸಿ ಕಷಾಯಕ್ಕೆ ಆ ಫಲಿತಾಂಶವನ್ನು ಹಾಗೇ ಅಂಟಿಸಲಾಗದು.

ಪಾಲಿಂಗ್ ಎಡವಿದ್ದು ಹೆಚ್ಚುಕಡಿಮೆ ಇಂಥ ಜಿಗಿತದಲ್ಲೇ. 1970ರಲ್ಲಿ ನೆಗಡಿಗೆ ವಿಟಮಿನ್ ಸಿ ಎಂದು ಪುಸ್ತಕ ಬರೆದರು. 1976ರಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಇವಾನ್ ಕ್ಯಾಮೆರಾನ್ ಜೊತೆ ಸೇರಿ, ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದ 100 ಜನರಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಕೊಟ್ಟಾಗ ಅವರು ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ದಿನ ಬದುಕಿದರು ಎಂದು ಪ್ರಕಟಿಸಿದರು. ಆ ಉಳಿದವರು ಯಾರು? ಹಳೆಯ ಆಸ್ಪತ್ರೆ ಫೈಲ್‌ಗಳಿಂದ ಆರಿಸಿದ 1,000 ರೋಗಿಗಳು. ಎರಡು ಗುಂಪಿನ ರೋಗಿಗಳು ಒಂದೇ ಸ್ಥಿತಿಯಲ್ಲಿದ್ದರು ಎಂಬುದಕ್ಕೆ ಖಾತ್ರಿಯೇ ಇರಲಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್ ಇದನ್ನು ಸರಿಯಾಗಿ ಪರೀಕ್ಷಿಸಿತು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಉತ್ತುತ್ತಿ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 1979ರಲ್ಲಿ ಲಾಭ ಕಾಣಲಿಲ್ಲ. ಆ ರೋಗಿಗಳು ಮೊದಲೇ ಕೀಮೋ ತೆಗೆದುಕೊಂಡಿದ್ದರು ಎಂದು ಪಾಲಿಂಗ್ ತಕರಾರು ತೆಗೆದರು. ತಕರಾರಿಗೆ ಬೆಲೆ ಕೊಟ್ಟು, ಕೀಮೋ ಪಡೆಯದ ರೋಗಿಗಳ ಮೇಲೆ ಮತ್ತೆ ಪರೀಕ್ಷೆ ನಡೆಯಿತು. 1985ರ ಆ ಫಲಿತಾಂಶದಲ್ಲೂ ಲಾಭವಿರಲಿಲ್ಲ. ಪಾಲಿಂಗ್ ಕೊನೆವರೆಗೂ ಒಪ್ಪಲಿಲ್ಲ.

ಏವಾ ಹೆಲೆನ್ 1981ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಪಾಲಿಂಗ್ 1994ರ ಆಗಸ್ಟ್ 19ರಂದು, 93ರ ವಯಸ್ಸಿನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ. ಇಬ್ಬರೂ ವರ್ಷಗಟ್ಟಲೆ ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ತಿಂದವರು. ಇದನ್ನೇ ಪುರಾವೆ ಎಂದು ನಾನು ಹೇಳುತ್ತಿಲ್ಲ. ಒಬ್ಬರು ವಾಸಿಯಾದ ಕಥೆ ಪುರಾವೆ ಅಲ್ಲದಿದ್ದರೆ, ಇಬ್ಬರು ತೀರಿಕೊಂಡ ಕಥೆಯೂ ಅಲ್ಲ. ಪುರಾವೆ ಬೇಕೆಂದರೆ ಅದೇ 1994ರಲ್ಲಿ ಫಿನ್‌ಲ್ಯಾಂಡ್‌ನಿಂದ ಬಂದ ವರದಿ ನೋಡಬಹುದು. ಸಿಗರೇಟಿನ ಚಟವಿದ್ದ 29 ಸಾವಿರ ಗಂಡಸರ ಅಧ್ಯಯನ ಅದು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತ್ತು.

ನಮ್ಮ ಕಡೆ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವವರು ಇದ್ದಾರೆ. ಬಾಯಿ ಕ್ಯಾನ್ಸರ್‌ಗೆ ನೇರ ದಾರಿ ಅದು. ಆ ಚಟ ಬಿಡದೆ ನೆಲ್ಲಿಕಾಯಿ ತಿಂದು ಪ್ರಯೋಜನವಿಲ್ಲ. ರೇಡಿಯೇಷನ್ ಚಿಕಿತ್ಸೆ ನಡೆಯುತ್ತಿದ್ದರಂತೂ ಇನ್ನೂ ಎಚ್ಚರ ಬೇಕು. ಆ ಚಿಕಿತ್ಸೆ ಗಡ್ಡೆಯನ್ನು ಕೊಲ್ಲುವುದು ಬಹುಪಾಲು ಅದೇ ಫ್ರೀ ರಾಡಿಕಲ್‌ಗಳಿಂದ. 2005ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ತಲೆ ಕತ್ತಿನ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಯ ಹೊತ್ತಲ್ಲಿ ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಮಾತ್ರೆ ತಿಂದಾಗ ಅಡ್ಡಪರಿಣಾಮ ಕಡಿಮೆಯಾದರೂ, ಕ್ಯಾನ್ಸರ್ ಮರಳುವುದು ಹೆಚ್ಚುವ ಸೂಚನೆ ಕಂಡಿತು.

ಸೀಬೆಹಣ್ಣು, ಟೊಮೆಟೊ, ಸೊಪ್ಪು ಊಟದ ಭಾಗವಾಗಿ ಧಾರಾಳವಾಗಿ ತಿನ್ನಿ. 100 ಗ್ರಾಂ ಸೀಬೆಯಲ್ಲೇ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ದಿನದ ಅಗತ್ಯಕ್ಕಿಂತ ಎರಡು ಪಟ್ಟು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ಅವರು ತೆಗೆದುಕೊಳ್ಳುತ್ತಿರುವ ವಿಟಮಿನ್ ಮಾತ್ರೆ, ಪುಡಿ, ಕಷಾಯದ ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.