ಸರ್ ರಿಚರ್ಡ್ ಟೆಂಪಲ್ ಮತ್ತು ಒಂದು ಪೌಂಡು ಧಾನ್ಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ದೇಶನೂರು)

ಮಹಾಪುರುಷರ ಚರಿತ್ರೆಯನ್ನು ಬರೆಯುವುದು ನಮ್ಮ ವಾರ್ಷಿಕ ಸಂಚಿಕೆಯ ವಾಡಿಕೆ. ನಾನು ಆರಿಸಿಕೊಂಡಿರುವ ವ್ಯಕ್ತಿ ಮಹಾಪುರುಷರೇ ಅಲ್ಲವೇ ಎಂಬುದನ್ನು ಓದುಗರೇ ತೀರ್ಮಾನಿಸಬೇಕು. ಆದರೆ ಒಬ್ಬ ಮನುಷ್ಯನು ದಿನವೊಂದಕ್ಕೆ ಎಷ್ಟು ಉಂಡರೆ ಬದುಕಬಲ್ಲನು ಎಂಬ ಪ್ರಶ್ನೆಗೆ ನಮ್ಮ ಬಳ್ಳಾರಿ ಸೀಮೆಯ ಜನರ ಮೇಲೆಯೇ ಉತ್ತರ ಹುಡುಕಿದವರು ಅವರು. ಆದುದರಿಂದ ಅವರ ಜೀವನವನ್ನು ನಾವು ತಿಳಿದಿರುವುದು ಅವಶ್ಯ.

ರಿಚರ್ಡ್ ಟೆಂಪಲರು 1826ನೆಯ ಮಾರ್ಚ್ 8ರಂದು ಇಂಗ್ಲೆಂಡಿನ ವೂಸ್ಟರ್ ಪ್ರಾಂತದ ಕೆಂಪ್ಸಿ ಎಂಬಲ್ಲಿ ಸ್ಥಿತಿವಂತರ ಮನೆಯಲ್ಲಿ ಜನಿಸಿದರು. ರಗ್ಬಿ ಶಾಲೆಯಲ್ಲಿಯೂ ಹೇಲಿಬರಿ ಕಾಲೇಜಿನಲ್ಲಿಯೂ ಓದಿ, 1847ರ ಹೊತ್ತಿಗೆ ಬಂಗಾಳದ ಸಿವಿಲ್ ಸೇವೆಗೆ ಸೇರಿದರು. ದುಡಿಮೆಯಲ್ಲಿ ದಣಿವರಿಯದವರು, ಮೇಲಧಿಕಾರಿಗಳ ಮನಸ್ಸನ್ನು ಬೇಗನೆ ಅರಿಯಬಲ್ಲವರು. ಪಂಜಾಬಿನಲ್ಲಿ ಜಾನ್ ಲಾರೆನ್ಸರ ಕೈಕೆಳಗೆ ಪಳಗಿ, ಮಧ್ಯಪ್ರಾಂತಗಳ ಮುಖ್ಯ ಕಮಿಷನರು, ಹೈದರಾಬಾದಿನ ರೆಸಿಡೆಂಟರು, ವೈಸರಾಯರ ಸಭೆಯ ಹಣಕಾಸಿನ ಸದಸ್ಯರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರು.

1873–74ರಲ್ಲಿ ಬಿಹಾರಕ್ಕೆ ಬರ ಬಂದಿತು. ಪರಿಹಾರದ ಹೊಣೆ ಟೆಂಪಲರ ಮೇಲೆ ಬಿದ್ದಿತು. ಬರ್ಮಾದಿಂದ ಸುಮಾರು ಐದು ಲಕ್ಷ ಟನ್ ಅಕ್ಕಿ ತರಿಸಲಾಯಿತು. ಹಸಿವಿನಿಂದ ಸತ್ತವರು 23 ಮಂದಿ ಎಂದು ಸರಕಾರದ ಲೆಕ್ಕ ಹೇಳಿತು. ಇಂಥ ಕಾರ್ಯಕ್ಕೆ ಯಾರಾದರೂ ಆರತಿ ಎತ್ತಿಯಾರು ಎಂದು ನಾವು ಎಣಿಸುತ್ತೇವೆ. ಆದದ್ದು ಬೇರೆ. ಬೊಕ್ಕಸವನ್ನು ಸುರಿದುಬಿಟ್ಟರೆಂದು ಲಂಡನ್ನಿನ ಪತ್ರಿಕೆಗಳೂ ದೊಡ್ಡ ಮನುಷ್ಯರೂ ಅವರನ್ನು ಆಡಿಕೊಂಡರು. ಈ ನಿಂದೆ ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತೆಂದು ನನಗೆ ತೋರುತ್ತದೆ. ಮುಂದಿನ ಕಥೆಯನ್ನು ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳುವುದು ಕಷ್ಟ.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಕ್ಷಾಮವೆಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಅತ್ಯಂತ ನೊಂದ ಜಿಲ್ಲೆಗಳಲ್ಲಿ ಒಂದು. ಇಂದು ನಮ್ಮ ಸಿರುಗುಪ್ಪದ ಕಡೆ ಕಾಲುವೆಯ ನೀರೂ ಭತ್ತದ ಗದ್ದೆಯೂ ಕಾಣುತ್ತವೆ. ಅವುಗಳಲ್ಲಿ ಬಹುಪಾಲು 1953ರ ಅಣೆಕಟ್ಟಿನ ಈಚಿನವು. ಆಗ ಹೆಚ್ಚಾಗಿ ಇದ್ದದ್ದು ಎರೆಭೂಮಿ, ಜೋಳ ಮತ್ತು ಆಕಾಶ. ಲಕ್ಷಾಂತರ ಜನರು ರಸ್ತೆ ಕೆರೆಗಳ ಪರಿಹಾರ ಕಾಮಗಾರಿಗಳಿಗೆ ಗುದ್ದಲಿ ಹಿಡಿದು ಬಂದರು. ಖರ್ಚು ಏರಿದ್ದನ್ನು ಕಂಡು ವೈಸರಾಯ ಲಿಟ್ಟನ್ನರು 1877ರ ಜನವರಿಯಲ್ಲಿ ಟೆಂಪಲರನ್ನು ದಕ್ಷಿಣಕ್ಕೆ ಕಳುಹಿಸಿದರು.

ಈ ಬಾರಿ ಟೆಂಪಲರು ದುಂದುಗಾರರೆನಿಸಿಕೊಳ್ಳಲು ಸಿದ್ಧರಿರಲಿಲ್ಲ. ಕೆಲಸಗಾರರಲ್ಲಿ ಅನೇಕರನ್ನು ಕಾಮಗಾರಿಯಿಂದ ಬಿಡಿಸಿದರು. ಉಳಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಸ್ವಲ್ಪ ಚಿಲ್ಲರೆ ಎಂದು ಕೂಲಿಯನ್ನು ಇಳಿಸಿದರು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಇದು ಟೆಂಪಲ್ ಕೂಲಿಯೆಂದೇ ಹೆಸರಾಯಿತು.

ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ನಮ್ಮ ತಾಯಿ ಅಷ್ಟು ಜೋಳದ ಹಿಟ್ಟಿನಲ್ಲಿ ಆರೇಳು ರೊಟ್ಟಿ ಬಡಿಯುತ್ತಾಳೆ. ದಿನಕ್ಕೆ ಆರೇಳು ರೊಟ್ಟಿ ಸಾಲದೇ ಎಂದು ಮೊದಲು ನಾನೂ ಅಂದುಕೊಂಡೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ತಾಯಿಯೊಡನೆ ಹೂಳೆತ್ತುವ ಕೆಲಸಕ್ಕೆ ಹೋಗಿದ್ದೆ. ನಡುಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿದಾಗ ನಾಲ್ಕು ರೊಟ್ಟಿ, ಹೆಸರುಬೇಳೆ ಪಲ್ಯ, ಶೇಂಗಾ ಚಟ್ನಿ ಮುಗಿದುದೇ ತಿಳಿಯಲಿಲ್ಲ. ಲೆಕ್ಕವೂ ಇದನ್ನೇ ಹೇಳುತ್ತದೆ. 450 ಗ್ರಾಂ ಜೋಳದಲ್ಲಿ ಸುಮಾರು 1,500 ಕ್ಯಾಲೊರಿ ಶಕ್ತಿಯುಂಟು. ಮಣ್ಣು ಅಗೆಯುವ ಗಂಡಸಿಗೆ ಅದರ ಎರಡರಷ್ಟು ಬೇಕು. ಬೇಳೆ, ಸೊಪ್ಪು, ಎಣ್ಣೆಗಳನ್ನು ಬೆಲೆ ಏರಿದ ಸಂತೆಯಲ್ಲಿ ಆ ಚಿಲ್ಲರೆಯಿಂದಲೇ ಕೊಳ್ಳಬೇಕು.

ಇದನ್ನು ಆಗಲೇ ಕಂಡವರು ಮದರಾಸಿನ ಸ್ಯಾನಿಟರಿ ಕಮಿಷನರಾದ ಡಾಕ್ಟರ್ ಕಾರ್ನಿಷರು. ಈ ಪ್ರಾಂತದ ಜನರ ಆಹಾರವನ್ನು ಕುರಿತು 1860ರ ದಶಕದಲ್ಲಿಯೇ ವರದಿ ಸಿದ್ಧಪಡಿಸಿದ್ದವರು. 1871ರ ಮದರಾಸಿನ ಜನಗಣತಿಯ ವರದಿಯನ್ನು ಬರೆದವರೂ ಅವರೇ. ದುಡಿಯುವವನಿಗೆ ಒಂದೂವರೆ ಪೌಂಡಾದರೂ ಧಾನ್ಯ ಬೇಕು, ಅದರೊಡನೆ ಬೇಳೆಕಾಳೂ ತರಕಾರಿಯೂ ಬೇಕು ಎಂದು ಅವರು ಲಿಖಿತವಾಗಿ ವಾದಿಸಿದರು. ಟೆಂಪಲರಿಗೆ ಇದು ಪುಸ್ತಕದ ಮಾತಾಗಿ ಕಂಡಿತು. ಅಧಿಕಾರವು ಒಂದು ಕಡೆ, ದೇಹಶಾಸ್ತ್ರವು ಇನ್ನೊಂದು ಕಡೆ ನಿಂತಿತು.

ವಿಟಮಿನ್ ಎಂಬ ಮಾತು ಹುಟ್ಟಿದ್ದು 1912ರಲ್ಲಿ. ಕಾರ್ನಿಷರಿಗೆ ಅದು ಗೊತ್ತಿರಲಿಲ್ಲ. ಆದರೆ ಪಿಷ್ಟವು ಸೌದೆ, ಸಾರಜನಕವುಳ್ಳ ಆಹಾರ ಅಂದರೆ ಪ್ರೋಟೀನು ದೇಹದ ಗೋಡೆ ಎಂಬಷ್ಟು ಗೊತ್ತಿತ್ತು. ಸೌದೆ ಸಾಲದಾದಾಗ ದೇಹವು ತನ್ನ ಗೋಡೆಯನ್ನೇ ಕಿತ್ತು ಒಲೆಗೆ ಹಾಕುತ್ತದೆ. ಮೊದಲು ಕೊಬ್ಬು ಹೋಗುತ್ತದೆ, ಆಮೇಲೆ ಮಾಂಸಖಂಡ. ಕರುಳಿನ ಒಳಪದರವು ಸದಾ ಹೊಸದಾಗಿ ಬೆಳೆಯುತ್ತಿರಬೇಕಾದ್ದು. ಪ್ರೋಟೀನಿಲ್ಲದೆ ಅದು ತೆಳುವಾಗಿ ಸವೆಯುತ್ತದೆ. ಹಾಗೆ ಸವೆದ ಕರುಳಿಗೆ ಊಟ ಸಿಕ್ಕರೂ ಹೀರುವ ಶಕ್ತಿ ಇರುವುದಿಲ್ಲ. ಉಂಡದ್ದು ಭೇದಿಯಾಗಿ ಹೊರಟುಹೋಗುತ್ತದೆ. ಪರಿಹಾರ ಶಿಬಿರಗಳಲ್ಲಿ ಸತ್ತವರ ಶವಪರೀಕ್ಷೆಯಲ್ಲಿ ಕಂಡದ್ದು ಇದೇ. ಬೆಳೆದ ಗಂಡಸರ ತೂಕ 60 ಪೌಂಡಿಗಿಂತ, ಎಂದರೆ 27 ಕಿಲೋಗಿಂತ, ಕೆಳಗೆ ಇಳಿದಿತ್ತು. ಜೋಳಕ್ಕೆ ಮತ್ತೊಂದು ಕೊರತೆಯುಂಟು. ಅದರ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ರೊಟ್ಟಿಯೊಡನೆ ಬೇಳೆ ಬೇಕೆಂಬುದು ಕೇವಲ ನಾಲಗೆಯ ಚಪಲವಲ್ಲ.

ಕಡೆಗೆ 1877ರಲ್ಲಿಯೇ ಮದರಾಸು ಸರಕಾರವು ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಆ ವರ್ಷದ ಮುಂಗಾರೂ ಸರಿಯಾಗಿ ಬರಲಿಲ್ಲ. ಬ್ರಿಟಿಷರ ಆಡಳಿತದ ಪ್ರದೇಶಗಳಲ್ಲಿ ಒಟ್ಟು 55 ಲಕ್ಷದಷ್ಟು ಜನ ಸತ್ತರೆಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ. ಎಲ್ಲವನ್ನೂ ಟೆಂಪಲರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಕಾಲರಾ, ಮಲೇರಿಯಾಗಳೂ ಇದ್ದವು. ಆದರೆ ಹಸಿದ ಮೈಗೆ ರೋಗ ಸುಲಭ. 1881ರ ಜನಗಣತಿಯ ವೇಳೆಗೆ ಬಳ್ಳಾರಿ ಸೀಮೆಯಲ್ಲಿ 1871ಕ್ಕಿಂತ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು. ನಮ್ಮ ಮನೆಯಲ್ಲಿ ಮುತ್ತಜ್ಜನ ತಂದೆಯ ಆಚೆಗೆ ಹೆಸರು ಹೇಳಬಲ್ಲವರು ಯಾರೂ ಇಲ್ಲ. ಅಕ್ಷರವಿಲ್ಲದ ಮನೆಯೆಂಬುದು ಒಂದು ಕಾರಣವಿರಬಹುದು.

ಟೆಂಪಲರಿಗೆ ಇದರಿಂದ ಹಾನಿಯಾಗಲಿಲ್ಲ. 1877ರ ಮೇ ತಿಂಗಳಲ್ಲಿ ಅವರು ಮುಂಬಯಿಯ ಗವರ್ನರರಾಗಿದ್ದರು. ಬರದಲ್ಲಿ ಬೆಂದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳೂ ಅವರ ಆಳ್ವಿಕೆಗೆ ಬಂದವು. 1880ರಲ್ಲಿ ಸ್ವದೇಶಕ್ಕೆ ಮರಳಿ, ಭಾರತದ ಅನುಭವಗಳನ್ನು ಕುರಿತು ಗ್ರಂಥಗಳನ್ನು ಬರೆದರು. 1885ರಿಂದ ಹತ್ತು ವರ್ಷ ಪಾರ್ಲಿಮೆಂಟಿನ ಸದಸ್ಯರಾಗಿದ್ದರು. 1902ನೆಯ ಮಾರ್ಚ್ 15ರಂದು, ಎಪ್ಪತ್ತಾರು ತುಂಬಿದ ಒಂದು ವಾರಕ್ಕೆ, ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ತೀರಿಕೊಂಡರು.